ಅರ್ಧ ಕನ್ನಡಿಯ ಲೆಕ್ಕ

ಬೆಳಿಗ್ಗೆ ಅಂಗಡಿ ತೆರೆದು ಧೂಳು ಹೊಡೆಯುವಾಗ ಮೊಣಕೈ ತಾಗಿ ಕೈಗನ್ನಡಿ ಕೆಳಗೆ ಬಿತ್ತು. ಕಟಿಂಗ್ ಮುಗಿದ ಮೇಲೆ ಗಿರಾಕಿಯ ಹಿಂದೆ ನಿಂತು, ‘ನೋಡಿ, ಹಿಂದೆ ಸರಿಯಾಗಿದೆಯಾ’ ಎಂದು ಎದುರಿನ ಗೋಡೆಗನ್ನಡಿಯಲ್ಲಿ ಕಾಣುವಂತೆ ತೋರಿಸುವ ಕನ್ನಡಿ. ಅರ್ಧ ಪುಡಿಯಾಗಿ ಅರ್ಧ ಉಳಿಯಿತು. ಉಳಿದದ್ದೇ ಪುಣ್ಯ ಎಂದುಕೊಂಡು ಅಂಗಡಿಯವನು ಅದನ್ನೇ ಒರೆಸಿ ಮೇಲಿಟ್ಟ.

ಅವನನ್ನು ಬೀದಿಯವರೆಲ್ಲ ರೇಡಿಯೋ ಎಂದೇ ಕರೆಯುತ್ತಿದ್ದರು. ಕತ್ತರಿ ನಿಂತರೂ ಅವನ ಬಾಯಿ ನಿಲ್ಲುತ್ತಿರಲಿಲ್ಲ. ಆದರೆ ಈವತ್ತು ಅವನ ತಲೆಯಲ್ಲಿ ಕನ್ನಡಿಗಿಂತ ದೊಡ್ಡ ಚಿಂತೆ ಕೂತಿತ್ತು. ಮಗಳು ಹತ್ತನೇ ಕ್ಲಾಸು. ಹೈಸ್ಕೂಲಿಗೆ ಹೊಸದಾಗಿ ಬಂದ ಗಣಿತದ ಮೇಷ್ಟ್ರು ಸಂಜೆ ಹೊತ್ತು ವಿಶೇಷ ತರಗತಿ ನಡೆಸುತ್ತಿದ್ದರು, ಅದರಲ್ಲಿ ಒಂದೇ ಒಂದು ಜಾಗ ಉಳಿದಿತ್ತು. ‘ನಾನು ಕಂಡಿರದ ಒಂದು ಲೆಕ್ಕ ತಂದು ಬಿಡಿಸಿ ತೋರಿಸಿದವರಿಗೆ ಆ ಜಾಗ. ನಾಳೆ ಬೆಳಿಗ್ಗೆಯೇ ಕೊನೆ’ ಎಂದಿದ್ದರಂತೆ. ಆ ಜಾಗ ತನಗೆ ಸಿಗದಿದ್ದರೆ ಬದುಕೇ ಬೇಡ ಎನ್ನುವ ಮುಖ ಮಾಡಿಕೊಂಡು ಮಗಳು ಓಡಾಡುತ್ತಿದ್ದಳು.

"ನಮ್ಮ ಪಠ್ಯಪುಸ್ತಕ ಸಾಲಲ್ಲಪ್ಪ, ಬೇರೆ ಪುಸ್ತಕ ಬೇಕು. ಯಾರ ಹತ್ರಾನಾದ್ರೂ ಹಳೇದಿದ್ಯಾ ಕೇಳ್ತೀಯಾ?" ಎಂದು ಹೇಳಿ ಸ್ಕೂಲಿಗೆ ಹೋಗಿದ್ದಳು.

ಕೇಳು ಎಂದರೆ ಬಿಡುವವನೇ ರೇಡಿಯೋ? ಗಂಟೆ ಕಳೆಯುವುದರಲ್ಲಿ ಬೀದಿಗೆಲ್ಲ ಸುದ್ದಿ ಮುಟ್ಟಿತು.

ಮೊದಲು ಬಂದವನು ಎದುರಂಗಡಿಯ ಗಡಿಯಾರ ರಿಪೇರಿ ಅಣ್ಣ. ಒಂದು ಕೈಯಲ್ಲಿ ಪುಸ್ತಕ, ಇನ್ನೊಂದು ಕೈಯಲ್ಲಿ ತುಂಬಿದ ಬಕೀಟು. ಪುಸ್ತಕದ ತುಂಬ ಗಡಿಯಾರದ ಮುಳ್ಳುಗಳ ನಡುವಿನ ಕೋನದ ಲೆಕ್ಕವೇ ಇತ್ತು.

"ಪುಸ್ತಕಕ್ಕಿಂತ ಅಭ್ಯಾಸ ಮುಖ್ಯ ಕಣೋ. ಬೆಳಗಿನ ಜಾವ ಎದ್ದು ತಣ್ಣೀರಲ್ಲಿ ಕಾಲಿಟ್ಕೊಂಡು ಓದ್ಬೇಕು. ನಾನು ಹಾಗೇ ಓದಿದ್ದು."

"ಆಮೇಲೆ?"

"ಆಮೇಲೆ ಜ್ವರ ಬಂದು ಪರೀಕ್ಷೆ ತಪ್ಪೋಯ್ತು. ಅದು ಬೇರೆ ವಿಷ್ಯ," ಎಂದು ಅಣ್ಣ ಬಕೀಟನ್ನು ಮೆಟ್ಟಿಲ ಕೆಳಗಿಟ್ಟ.

ಪಕ್ಕದಂಗಡಿಯ ಟೈಲರ್ ಅಕ್ಕ ತಂದದ್ದು ದಪ್ಪನೆಯ ಗೈಡು. ತ್ರಿಕೋನಗಳ ಪಾಠ ಬಿಚ್ಚಿದರೆ ಪುಟದ ನಟ್ಟನಡುವೆ ಶರ್ಟಿನ ಕಾಲರಿನಾಕಾರದ ತೂತು. ಅಳತೆಗೆಂದು ಅಕ್ಕನೇ ಕತ್ತರಿಸಿಕೊಂಡಿದ್ದಳು.

"ಮೇಲೆ ಪ್ರಶ್ನೆ ಇದೆ, ಕೆಳಗೆ ಉತ್ತರ ಇದೆ. ಮಧ್ಯದ್ದು ಹುಡುಗಿನೇ ಮಾಡ್ಲಿ, ಬುದ್ಧಿ ಬೆಳೆಯುತ್ತೆ," ಎಂದಳು ಅಕ್ಕ.

ಅಷ್ಟರಲ್ಲಿ ಬ್ಯಾಂಕಿನ ಕಾವಲುಗಾರ ಕಟಿಂಗಿಗೆ ಬಂದ. ಎಲ್ಲ ಮುಗಿದ ಮೇಲೆ ರೇಡಿಯೋ ಅರ್ಧ ಕನ್ನಡಿ ಹಿಡಿದ.

"ಇದೇನು, ಒಂದೇ ಕಿವಿ ಕಾಣ್ತಿದೆ," ಎಂದ ಕಾವಲುಗಾರ.

ರೇಡಿಯೋ ಒಂದು ಹೆಜ್ಜೆ ಹಿಂದೆ ಸರಿದ. ಸ್ವಲ್ಪ ಹೆಚ್ಚು ಕಂಡಿತು. ಮತ್ತೆ ಸರಿದ. ಇನ್ನೂ ಹೆಚ್ಚು ಕಂಡಿತು. ಇಷ್ಟು ವರ್ಷ ಇದೇ ಕೆಲಸ ಮಾಡಿದರೂ ಅವನು ಇದನ್ನು ಗಮನಿಸಿರಲಿಲ್ಲ. ಕನ್ನಡಿ ಅಷ್ಟೇ ಇದೆ, ತಲೆಯೂ ಅಷ್ಟೇ ಇದೆ, ದೂರ ಹೋದಷ್ಟೂ ತಲೆ ಹೆಚ್ಚು ಕಾಣುವುದು ಹೇಗೆ?

"ಬರ್ತಾ ಇದೆ, ಬರ್ತಾ ಇದೆ. ಬಲಗಿವಿ ತುದಿ ಬಂತು. ಇನ್ನೊಂಚೂರು ಹಿಂದೆ," ಎಂದು ಕಾವಲುಗಾರ ಒಳಗಿನಿಂದ ಕೂಗುತ್ತಿದ್ದ. ರೇಡಿಯೋ ಹೊಸಿಲು ದಾಟಿದ, ಮೆಟ್ಟಿಲಿಳಿದ, ಕನ್ನಡಿಯಿಂದ ಕಣ್ಣು ತೆಗೆಯದೆ ಸೀದಾ ಬಕೀಟಿನೊಳಗೆ ಕಾಲಿಟ್ಟ.

"ಬಂತು, ಪೂರ್ತಿ ಬಂತು," ಎಂದ ಕಾವಲುಗಾರ.

"ನಾನು ಹೇಳ್ಲಿಲ್ವಾ? ಕಾಲು ತಣ್ಣಗಾದ್ರೆ ತಲೆ ಓಡುತ್ತೆ," ಎಂದ ಗಡಿಯಾರದ ಅಣ್ಣ.

ಮಧ್ಯಾಹ್ನ ಊಟದ ಹೊತ್ತಿಗೆ ಮಗಳು ಅಂಗಡಿಗೆ ಬಂದಳು. ಎರಡೂ ಪುಸ್ತಕ ತಿರುವಿ ನೋಡಿ ಮುಖ ಸಣ್ಣದು ಮಾಡಿದಳು. "ಸರ್ ಓದದೇ ಇರೋ ಪುಸ್ತಕ ಇಲ್ಲಪ್ಪ. ಇದನ್ನೆಲ್ಲ ಅವ್ರು ಎಂದೋ ನೋಡಿರ್ತಾರೆ."

"ಅದು ಹೋಗ್ಲಿ ಬಿಡು ಪುಟ್ಟಿ. ನಂಗೊಂದು ಅನುಮಾನ," ಎಂದು ರೇಡಿಯೋ ಬಕೀಟಿನ ಕತೆ ಹೇಳಿದ.

ಮಗಳ ಕಣ್ಣರಳಿತು. ಅಪ್ಪನನ್ನು ಕುರ್ಚಿಯಲ್ಲಿ ಕೂರಿಸಿ ತಾನು ಕನ್ನಡಿ ಹಿಡಿದು ಹಿಂದೆ ಮುಂದೆ ಓಡಾಡಿದಳು. ಅಕ್ಕನ ಟೇಪು ತಂದು ಅಪ್ಪನ ತಲೆ ಅಳೆದಳು. ಹಳೇ ಪೇಪರಿನ ಅಂಚಿನಲ್ಲಿ ಗೆರೆ ಎಳೆದಳು, ಹೊಡೆದು ಹಾಕಿದಳು, ಮತ್ತೆ ಎಳೆದಳು. ತಂದ ಬುತ್ತಿ ಹಾಗೇ ಉಳಿಯಿತು.

"ಗೊತ್ತಾಯ್ತಪ್ಪ. ಕನ್ನಡಿ ತಲೆಯ ಅರ್ಧಕ್ಕಿಂತ ಚೂರು ದೊಡ್ಡದಿದ್ರೆ ಸಾಕು, ತಕ್ಕಷ್ಟು ದೂರ ಹೋದ್ರೆ ಪೂರ್ತಿ ತಲೆ ಕಾಣುತ್ತೆ. ಅರ್ಧಕ್ಕಿಂತ ಚಿಕ್ಕದಾದ್ರೆ ಊರಾಚೆ ಹೋಗಿ ನಿಂತ್ರೂ ಕಾಣಲ್ಲ." ಅಷ್ಟಕ್ಕೇ ಬಿಡದೆ ಅಪ್ಪನಿಗೆ ಮೊದಲಿನಿಂದ ಕೊನೆಯವರೆಗೆ ಬಿಡಿಸಿ ಹೇಳಿದಳು. "ಅರ್ಥ ಆಗಿದ್ಯೋ ಇಲ್ವೋ ತಿಳೀಬೇಕಾದ್ರೆ ಇನ್ನೊಬ್ರಿಗೆ ಹೇಳಿ ನೋಡ್ಬೇಕು ಅಂತಾರೆ ನಮ್ಮ ಸರ್. ಇದು ಯಾವ ಪುಸ್ತಕದಲ್ಲೂ ಇಲ್ಲ. ಆದ್ರೆ ಅಪ್ಪಾ, ನಾಳೆ ಬೆಳಿಗ್ಗೆ ತನಕ ಯಾರಿಗೂ ಹೇಳ್ಬೇಡ. ಬಾಯಿಂದ ಬಾಯಿಗೆ ಹೋಗಿ ಸರ್ ಕಿವಿಗೆ ಬಿದ್ರೆ ಮುಗೀತು."

ರೇಡಿಯೋ ತಲೆಯಾಡಿಸಿದ. ಮಗಳ ಮೇಲೆ ಅವನಿಗೆ ಹೆಮ್ಮೆ ಉಕ್ಕಿತು.

ಕಷ್ಟ ಶುರುವಾದದ್ದು ಆಮೇಲೆ. ಹೇಳಬಾರದ ಮಾತು ಮತ್ತೆ ಮತ್ತೆ ನಾಲಿಗೆಯ ತುದಿಗೇ ಬರತೊಡಗಿತು. ಬಾಯಿಗೆ ಬಾಚಣಿಗೆ ಕಚ್ಚಿಕೊಂಡು ಕೆಲಸ ಮಾಡಿದ. ಗಿರಾಕಿಗಳು ಏನು ಕೇಳಿದರೂ ಹೂಂ, ಉಹೂಂ. ಹಲ್ಲುನೋವಿರಬೇಕೆಂದು ಅಕ್ಕ ಉಪ್ಪುನೀರು ತಂದಿಟ್ಟಳು. "ರೇಡಿಯೋ ಕೆಟ್ಟಿದೆ, ಬಿಚ್ಚಿ ನೋಡ್ಲಾ?" ಎಂದು ಗಡಿಯಾರದ ಅಣ್ಣ ಸ್ಕ್ರೂಡ್ರೈವರ್ ಹಿಡಿದು ಬಂದ. ಅದನ್ನೂ ಸಹಿಸಿಕೊಂಡ.

ಸಂಜೆ ದೀಪ ಹಚ್ಚುವ ಹೊತ್ತಿಗೆ ಒಬ್ಬ ಹೊಸ ಗಿರಾಕಿ ಬಂದರು. ದಪ್ಪ ಗಾಜಿನ ಕನ್ನಡಕ ತೆಗೆದಿಟ್ಟು ಕೂತರು. ತೋಳಿನ ಮೇಲೆ ಬಿಳಿ ಪುಡಿ ಬಿದ್ದಿತ್ತು. ತನ್ನದೇ ಪೌಡರ್ ಇರಬೇಕೆಂದು ರೇಡಿಯೋ ಬ್ರಷ್ಷಿನಿಂದ ಕೊಡವಿದ.

"ಊರಿಗೆ ಹೊಸಬ್ರಾ? ಏನು ಕೆಲ್ಸ?"

"ಏನಿಲ್ಲ, ದಿನವೆಲ್ಲ ಬರೆಯೋದು, ಅಳಿಸೋದು."

ಯಾವುದೋ ಆಫೀಸಿನ ಗುಮಾಸ್ತರು, ಪಾಪ, ತುಂಬ ತಪ್ಪು ಮಾಡುತ್ತಾರೆ ಎಂದುಕೊಂಡ ರೇಡಿಯೋ.

"ಈ ಕನ್ನಡಿ ಅರ್ಧ ಇದೆಯಲ್ಲ. ಹಿಂದೆ ಹೇಗೆ ತೋರಿಸ್ತೀರಿ?" ಎಂದು ಅವರು ಕೇಳಿದರು.

ಇಡೀ ದಿನದಲ್ಲಿ ಯಾರೂ ಕೇಳಿರದ ಪ್ರಶ್ನೆ. ಬಾಚಣಿಗೆ ಬಾಯಿಂದ ಜಾರಿತು. ಯಾರೋ ಗುಮಾಸ್ತರು, ಇವರಿಂದ ಮೇಷ್ಟ್ರ ಕಿವಿಗೆ ಹೇಗೆ ಹೋದೀತು? ಅದೂ ಅಲ್ಲದೆ ತನಗೆ ಅರ್ಥವಾಗಿದೆಯೋ ಇಲ್ಲವೋ ತಿಳಿಯಬೇಕಾದರೆ ಇನ್ನೊಬ್ಬರಿಗೆ ಹೇಳಿ ನೋಡಬೇಕಲ್ಲ. ರೇಡಿಯೋ ಕೂದಲು ಕತ್ತರಿಸುವ ಮೆಷಿನ್ ಓಡಿಸುತ್ತಲೇ ಶುರು ಮಾಡಿದ. ಗಿರಾಕಿ ನಡುನಡುವೆ ‘ಯಾಕೆ?’, ‘ಅದು ಹೇಗೆ?’ ಎಂದು ಕೇಳಿದಷ್ಟೂ ಅವನಿಗೆ ಹುರುಪು ಬಂತು. ಇನ್ನೊಂದು ಕೈಯಲ್ಲಿ ಅರ್ಧ ಕನ್ನಡಿ ಎತ್ತಿ ಗಾಳಿಯಲ್ಲಿ ಗೆರೆ ಎಳೆದು, ಊರಾಚೆಯವರೆಗೂ ಹೋಗಿ ಲೆಕ್ಕ ಮುಗಿಸಿದ.

"ಭೇಷ್," ಎಂದರು ಗಿರಾಕಿ. "ಇಂಥ ಲೆಕ್ಕ ನಾನು ಕಂಡೇ ಇರ್ಲಿಲ್ಲ."

"ನನ್ನ ಮಗಳದ್ದು," ಎಂದು ರೇಡಿಯೋ ಎದೆಯುಬ್ಬಿಸುವುದಕ್ಕೂ ಮಗಳು ಒಳಗೆ ಬರುವುದಕ್ಕೂ ಸರಿಹೋಯಿತು. ಅವಳು ಹೊಸಿಲಲ್ಲೇ ನಿಂತುಬಿಟ್ಟಳು.

"ನಮಸ್ಕಾರ ಸರ್," ಎಂದಳು ಸಣ್ಣ ದನಿಯಲ್ಲಿ.

ರೇಡಿಯೋನ ಕೈಯಲ್ಲಿದ್ದ ಅರ್ಧ ಕನ್ನಡಿ ನೆಲಕ್ಕೆ ಬಿದ್ದು ಕಾಲು ಕನ್ನಡಿಯಾಯಿತು.

ಮೇಷ್ಟ್ರು ಕನ್ನಡಕ ಹಾಕಿಕೊಂಡು ಅಪ್ಪ ಮಗಳಿಬ್ಬರನ್ನೂ ನೋಡಿದರು. "ಅಯ್ಯೋ, ನಿನ್ನ ಲೆಕ್ಕಾನಾ ಇದು? ಈಗ ಕಂಡುಬಿಟ್ನಲ್ಲಮ್ಮ. ಎಲ್ರಿಗೂ ಒಂದೇ ನಿಯಮ, ಬೇರೆ ತಗೊಂಡು ಬಾ. ನಿಮ್ಮಪ್ಪನಿಗೆ ಮಾತ್ರ ಚೆನ್ನಾಗಿ ಅರ್ಥ ಆಗಿದೆ. ಹೈಸ್ಕೂಲಲ್ಲಿ ಓದ್ತಾ ಇದ್ದಿದ್ರೆ ಜಾಗ ಅವ್ರಿಗೇ ಕೊಡ್ತಿದ್ದೆ."

ಭೂಮಿ ಬಾಯಿ ಬಿಟ್ಟರೆ ಒಳಗೆ ಹೋಗಿಬಿಡಬೇಕು ಅನ್ನಿಸಿತು ರೇಡಿಯೋಗೆ. ಮಗಳ ಮುಖ ನೋಡಲಾರದೆ ಕನ್ನಡಿಯ ಚೂರನ್ನು ಹೆಕ್ಕಿಕೊಂಡ.

"ಹಿಂದೆ ಒಂದ್ಸಲ ತೋರಿಸ್ತೀರಾ?" ಎಂದು ಕೇಳಿದ ಮೇಷ್ಟ್ರು ಆ ಚೂರನ್ನು ನೋಡಿ ತಾವೇ ನಕ್ಕರು. "ಬೇಡ ಬಿಡಿ. ಇನ್ನು ಊರಾಚೆ ಹೋಗಿ ನಿಂತ್ರೂ ಕಾಣಲ್ಲ ಅಲ್ವಾ?"

ಅವರು ಎದ್ದು ಬಾಗಿಲ ಕಡೆ ತಿರುಗಿದಾಗಲೇ ರೇಡಿಯೋ ಅದನ್ನು ನೋಡಿದ್ದು. ಲೆಕ್ಕ ಹೇಳುವ ಹುರುಪಿನಲ್ಲಿ ಮೆಷಿನ್ ತನ್ನ ಪಾಡಿಗೆ ಓಡಿ, ಮೇಷ್ಟ್ರ ತಲೆಯ ಹಿಂದೆ ಅಂಗೈಯಗಲ ನುಣ್ಣಗೆ ಬಯಲು ಮಾಡಿತ್ತು. ಅವರು ಕಂಡಿರದ್ದು ಈಗ ಅದೊಂದೇ ಉಳಿದಿತ್ತು. ಅದನ್ನು ಮಗಳೂ ನೋಡಿದಳು.

ಮೇಷ್ಟ್ರು ಬೀದಿ ದಾಟುವವರೆಗೂ ಇಬ್ಬರೂ ಉಸಿರು ಬಿಡಲಿಲ್ಲ.

"ಅಪ್ಪಾ," ಎಂದಳು ಮಗಳು, "ಸರ್ ದಿನವೆಲ್ಲ ಬೋರ್ಡಿನ ಕಡೆ ತಿರುಗಿಕೊಂಡೇ ಬರೆಯೋದು."