ನನ್ನ ಕಣ್ಣಿನ ಮೇಲೆ ಗೊಂಬೆಗಳು ಹೇಳಿದ ಚಾಡಿ

ಚನ್ನಪಟ್ಟಣದ ಅಷ್ಟೂ ಗೊಂಬೆಗಳಿಗೆ ಕಣ್ಣು ಕೊಟ್ಟವನು ನಾನೇ. ಸುಳ್ಳು. ಒಂದು ಸಣ್ಣ ಕಾರ್ಖಾನೆಯಲ್ಲಿ ತಲೆಯಾಡಿಸುವ ಗೊಂಬೆಗಳಿಗೆ ಕಣ್ಣು ಬರೆಯುತ್ತೇನೆ, ಅಷ್ಟೆ. ನಾನಿರುವ ಕಡೆ ತಮಾಷೆಗಳು ಆಗುತ್ತಲೇ ಇರುತ್ತವೆ. ಆಗದಿದ್ದರೆ ನಾನೇ ಆಗಿಸುತ್ತೇನೆ. ಅದೇ ನನಗೆ ಮುಳುವಾಗಿದ್ದು.

ರೆಪ್ಪೆ ಇಳಿಯಿತು

ಹೋದ ವರ್ಷ ಒಂದು ಬೆಳಿಗ್ಗೆ ಬಲಗಣ್ಣಿನ ಹಿಂದೆ ವಿಪರೀತ ನೋವು. ರೆಪ್ಪೆ ಅರ್ಧಕ್ಕೆ ಜೋತುಬಿತ್ತು. ಟೀ ಅಂಗಡಿಯಲ್ಲಿ ಗೆಳೆಯರು ನಕ್ಕರು.

“ಬೆಳಿಗ್ಬೆಳಿಗ್ಗೇನೇ ಯಾರಿಗ್ಲಾ ಕಣ್ಣು ಹೊಡೀತಿದ್ದೀಯ?”

“ಇಲ್ಲ ಕಣ್ರಲಾ, ರೆಪ್ಪೆ ಎತ್ತಕ್ಕೇ ಆಗ್ತಿಲ್ಲ. ಎಲ್ಲಾ ಎರಡೆರಡು ಕಾಣ್ತಾವೆ.”

“ಹೋದ ತಿಂಗ್ಳೂ ಹಿಂಗೇ ಹಾವು ಕಚ್ತು ಅಂತ ಬೀದಿನೆಲ್ಲಾ ಓಡಿಸ್ದೆ. ನೋಡುದ್ರೆ ರಬ್ಬರ್ ಹಾವು. ಹೋಗ್ಲಾ.”

ಮನೆಗೆ ಬಂದು ಹೆಂಡತಿಗೆ ಹೇಳಿದೆ. ಸೊಪ್ಪು ಬಿಡಿಸುತ್ತಿದ್ದವಳು ತಲೆ ಎತ್ತಲಿಲ್ಲ. “ಎರಡೆರಡು ಕಾಣ್ತಾವಾ? ಹಂಗಾರೆ ನಾಳೆಯಿಂದ ತರಕಾರಿ ಅರ್ಧ ತಂದ್ರೆ ಸಾಕು.”

ಚಾಡಿ

ಕಾರ್ಖಾನೆಯಲ್ಲಿ ಕೂತರೆ ಮುಂದೆ ಎರಡು ಗೊಂಬೆ, ಕೈಯಲ್ಲಿ ಎರಡು ಕುಂಚ. ಒಂದಕ್ಕೆ ಬರೆದರೆ ಕುಂಚ ಗಾಳಿಗೆ ತಾಗುತ್ತದೆ, ಇನ್ನೊಂದಕ್ಕೆ ಬರೆದರೆ ಕಣ್ಣು ಕೆನ್ನೆಗೆ ಹೋಗುತ್ತದೆ. ಪಕ್ಕದಲ್ಲಿ ಗೊಂಬೆ ಕಡೆಯುವ ಭಾಯಿ ಎದ್ದು ಬಂದು ನೋಡಿದರು. ನಗಲಿಲ್ಲ.

“ನನ್ನ ಚಪ್ಪಲಿ ನೆಲಕ್ಕೆ ಅಂಟ್ಲಿ ಅಂತ ಅರಗು ಮೆತ್ತಿದೋನು ನೀನು. ನಿನ್ನ ಮಾತು ನಾನು ನಂಬಾಕಿಲ್ಲ. ಆದ್ರೆ ಗೊಂಬೆ ಕೆಡಿಸಿ ತಮಾಷೆ ಮಾಡೋನಲ್ಲ. ನಡಿ ಆಸ್ಪತ್ರೆಗೆ.”

ದಾರಿಯಲ್ಲಿ ನಮ್ಮ ಮನೆಯ ಮುಂದೆ ನಿಂತು ಭಾಯಿ ನಾನು ಬರೆದಿದ್ದ ಒಂದು ಗೊಂಬೆ ತೋರಿಸಿದರು. ಕೆನ್ನೆ ಮೇಲಿದ್ದ ಕಣ್ಣು ನೋಡಿದವಳೇ ನನ್ನಾಕೆ ಚಪ್ಪಲಿ ಅದಲುಬದಲು ಮೆಟ್ಟಿಕೊಂಡು ಬಂದಳು.

“ಭಾಯಿ, ಎರಡು ಆಟೊ ನಿಂತಾವಲ್ಲ, ಯಾವುದಕ್ಕೆ ಹತ್ಲಿ?”

“ಶಬ್ದ ಬರೋದಕ್ಕೆ ಹತ್ತು.”

ತೊಡೆಯ ದಾರಿ

ರಾಮನಗರದಲ್ಲಿ ಡಾಕ್ಟರಮ್ಮ ಟಾರ್ಚ್ ಬಿಟ್ಟರು. ಬಲಗಣ್ಣಿನ ಪಾಪೆ ಕುಗ್ಗಲೇ ಇಲ್ಲ. ಕೂಡಲೇ ಬೆಂಗಳೂರಿಗೆ ಕಳಿಸಿದರು. ಅಲ್ಲಿ ಸ್ಕ್ಯಾನ್ ಮಾಡಿದರೆ, ಮೆದುಳಿನ ರಕ್ತನಾಳ ಒಂದು ಕಡೆ ಬಲೂನಿನಂತೆ ಉಬ್ಬಿ, ರೆಪ್ಪೆ ಎತ್ತುವ, ಕಣ್ಣು ಆಡಿಸುವ ನರವನ್ನು ಒತ್ತುತ್ತಿತ್ತು.

“ಒಡೆಯೋಕೆ ಮುಂಚೆ ಬಂದ್ರಲ್ಲ, ಒಳ್ಳೇದಾಯ್ತು,” ಅಂದರು ಅಲ್ಲಿನ ಡಾಕ್ಟರು. “ತೊಡೆ ಹತ್ರದಿಂದ ರಕ್ತನಾಳದೊಳಗೆ ತಂತಿ ಕಳಿಸಿ ಆ ಉಬ್ಬನ್ನ ಒಳಗಿಂದಲೇ ಮುಚ್ತೀವಿ.”

“ಕಣ್ಣು ಕೆಟ್ರೆ ತೊಡೆಗೆ ಚುಚ್ತಾರಂತೆ. ಇವ್ರು ನನ್ಗಿಂತ ತರಲೆ ಕಣೆ,” ಅಂದೆ. ಹೆಂಡತಿ ನಗಲಿಲ್ಲ. ಹಿಡಿದ ಕೈಯನ್ನೂ ಬಿಡಲಿಲ್ಲ.

ಒಬ್ಬಟ್ಟು

ಉಬ್ಬು ಮುಚ್ಚಿ ಮನೆಗೆ ಕಳಿಸುವಾಗ, ನರ ಸುಧಾರಿಸಲು ತಿಂಗಳುಗಳೇ ಬೇಕು ಅಂದಿದ್ದರು. ರೆಪ್ಪೆ ಒಸಿ ಒಸಿ ಎದ್ದಿತು. ಒಂದು ಹಬ್ಬದ ಬೆಳಿಗ್ಗೆ ನೋಡುತ್ತೇನೆ, ಗೋಡೆಯ ಗಡಿಯಾರ ಒಂದೇ! ಯಾರಿಗೂ ಹೇಳಲಿಲ್ಲ. ಹೇಳಿದರೆ ಕೂತಲ್ಲಿಗೇ ಬರುವ ಕಾಫಿ ನಿಂತುಹೋಗುತ್ತದಲ್ಲ. ಬೇಕಂತಲೇ ರೆಪ್ಪೆ ಇಳಿಸಿಕೊಂಡು ಊಟಕ್ಕೆ ಕೂತೆ.

ಹೆಂಡತಿ ತಟ್ಟೆಗೆ ಒಂದು ಒಬ್ಬಟ್ಟು ಹಾಕಿ ನನ್ನನ್ನೇ ನೋಡಿದಳು.

“ಇನ್ನೂ ಎರಡೆರಡು ಕಾಣ್ತಾವಾ?”

“ಹೂಂ ಕಣೆ.”

“ಒಬ್ಬಟ್ಟು ಎಷ್ಟವೆ?”

“ಎರಡು.”

“ಸರಿ, ಒಂದು ನಂದು,” ಅಂತ ಎತ್ತಿ ತಿಂದೇಬಿಟ್ಟಳು. “ನಿಮ್ದು ತಟ್ಟೇಲೇ ಐತಲ್ಲ, ತಿನ್ನಿ.”

ಖಾಲಿ ತಟ್ಟೆ ನೋಡಿ ನನ್ನ ಎರಡೂ ಕಣ್ಣು ಪೂರ್ತಿ ತೆರೆದುಕೊಂಡವು. ಅವಳು ನಕ್ಕೂ ನಕ್ಕೂ ಸೆರಗಿನಲ್ಲಿ ಕಣ್ಣೊರೆಸಿಕೊಂಡಳು, ಒಳಗೆ ಹೋಗಿ ಇನ್ನೊಂದು ಒಬ್ಬಟ್ಟು ತಂದಳು.

ಈಗ ಗೊಂಬೆಗಳ ಕಣ್ಣು ಕಣ್ಣಿರುವ ಜಾಗದಲ್ಲೇ ಇವೆ. ಇಷ್ಟು ಹೊತ್ತು ನನ್ನ ಜೊತೆ ಟೀ ಕುಡಿಯುತ್ತಾ ಕಥೆ ಕೇಳಿದ ನಿಮ್ಮ ಜೇಬು ಕೂಡ ನನಗೆ ಸ್ಪಷ್ಟವಾಗಿ ಕಾಣುತ್ತಿದೆ. ಟೀ ದುಡ್ಡು ಅದರಿಂದಲೇ ಕೊಟ್ಟುಬಿಡಿ.