ಅತ್ತೆಯವರ ತುಪ್ಪ ಮತ್ತು ನನ್ನ ಎದೆಬಡಿತ

ಓದಿದ್ದನ್ನೆಲ್ಲ ಮೈಮೇಲೆ ಎಳೆದುಕೊಳ್ಳುವ ಸ್ವಭಾವ ನನ್ನದು. ಅರವತ್ತರ ದಶಕದಲ್ಲಿ ಧಾರವಾಡದ ಕಾಲೇಜೊಂದರಲ್ಲಿ ರಸಾಯನಶಾಸ್ತ್ರ ಕಲಿಸುತ್ತಿದ್ದಾಗ, ಆಮ್ಲಗಳ ಪಾಠ ನಡೆದ ವಾರ ನನಗೆ ಎದೆಯುರಿ, ಸೀಸದ ಲವಣಗಳ ವಾರ ಕೈಕಾಲು ಜೋಮು. ಉಳಿದ ಮಾಸ್ತರರು ಪಾಠ ಮುಗಿಸಿ ಚಹಾಕ್ಕೆ ಹೋದರೆ ನಾನು ನಾಡಿ ಹಿಡಿದುಕೊಂಡು ಕೂಡುತ್ತಿದ್ದೆ. ಇಂಥವನ ಪಾಲಿಗೆ ಜಿಡ್ಡಿನ ಅಧ್ಯಾಯ ಬಂದದ್ದು, ಅತ್ತೆಯವರು ಮಗಳ ಬಾಣಂತನಕ್ಕೆಂದು ಉಪ್ಪಿನಬೆಟಗೇರಿಯಿಂದ ತುಪ್ಪದ ಡಬ್ಬಿ ಹೊತ್ತು ಬಂದಿಳಿದ ವಾರವೇ.

ಜಿಡ್ಡಿನಲ್ಲಿ ಮೂರು ಬಗೆ. ಗ್ಲಿಸರಿನ್ನಿಗೆ ಮೂರು ಮೇದಾಮ್ಲಗಳು ಜೋತುಬಿದ್ದರೆ ಅದು ಸರಳ ಜಿಡ್ಡು. ನಮ್ಮ ಎಣ್ಣೆ, ತುಪ್ಪ ಎಲ್ಲ ಅದೇ. ಜೊತೆಗೆ ರಂಜಕವೋ ಸಕ್ಕರೆಯೋ ಸೇರಿದರೆ ಸಂಯುಕ್ತ. ಮಿದುಳು, ನರಗಳಲ್ಲಿ ಇರುವಂಥದು. ಮೂರನೆಯ ಗುಂಪಿನಲ್ಲಿ ಕೊಲೆಸ್ಟರಾಲ್ ಎಂಬ ಆಸಾಮಿ ಕೂತಿದ್ದಾನೆ. ಕುಸುಬಿ ಎಣ್ಣೆಯ ಆಮ್ಲಗಳ ಸರಪಳಿ ನಡುವೆ ಬಾಗಿರುವುದರಿಂದ ಅವು ಒತ್ತೊತ್ತಾಗಿ ಕೂಡಲಾರವು, ಎಣ್ಣೆ ಹರಿಯುತ್ತಲೇ ಇರುತ್ತದೆ. ತುಪ್ಪದವು ಬಹಳಷ್ಟು ನೆಟ್ಟಗಿನವು, ಒಂದಕ್ಕೊಂದು ಅಂಟಿ ಹೆಪ್ಪುಗಟ್ಟುತ್ತವೆ. ಇಷ್ಟಕ್ಕೇ ನಿಲ್ಲದೆ ನಾನು ಪಾಠಕ್ಕೆ ಓದುತ್ತಿದ್ದ ಹೊಸ ಪುಸ್ತಕ, ಇಂಥ ಜಿಡ್ಡಿಗೂ ಹೃದಯದ ಬೇನೆಗೂ ನಂಟಿರಬಹುದೆಂದು ಕೊನೆಯಲ್ಲಿ ಒಂದು ಸಾಲು ಸೇರಿಸಿತ್ತು. ಆ ಸಾಲು ಓದಿದ ಮೇಲೆ ಮುಂಜಾನೆಯ ಚಳಿಗೆ ಗಟ್ಟಿಯಾದ ತುಪ್ಪದ ಡಬ್ಬಿಯೊಳಗೆ ಇಣುಕಿದರೆ ನನಗೆ ನನ್ನ ರಕ್ತನಾಳವೇ ಕಾಣುತ್ತಿತ್ತು.

ನಮ್ಮ ಕಡೆ ಉಣ್ಣುವವರು ತಾಟಿಗೆ ಕೈ ಅಡ್ಡ ಹಿಡಿದು "ಸಾಕು" ಅನ್ನಬೇಕು, ಬಡಿಸುವವರು ಅದನ್ನು ಕೇಳಿಸಿಕೊಳ್ಳಬಾರದು. ಅಳಿಯನೆಂದರಂತೂ ಕೇಳುವುದೇ ಬೇಡ. ಅತ್ತೆಯವರು ನನ್ನೊಂದಿಗೆ ನೇರವಾಗಿ ಮಾತಾಡುವವರಲ್ಲ. ಹೇಳುವುದನ್ನೆಲ್ಲ ತೊಟ್ಟಿಲ ಕೂಸಿಗೆ ಹೇಳುತ್ತಿದ್ದರು. ನಾನು ಪ್ರಾಣಭಯದಿಂದ ಸಾಕೆಂದರೆ, "ನಿಮ್ಮಪ್ಪಾರು ಭಾಳ ನಾಚ್ಕೋತಾರವಾ ಕೂಸ" ಎನ್ನುತ್ತ ಇನ್ನೊಂದು ಚಮಚ. ಎರಡೂ ಕೈ ಅಡ್ಡ ಹಿಡಿದರೆ ಬೆರಳ ಸಂದಿಯಿಂದಲೇ ಧಾರೆ. ನನ್ನ ಎದೆಬಡಿತ ನನ್ನ ಕಿವಿಗೇ ಕೇಳತೊಡಗಿತು.

ಒಂದು ದಿನ ತಡೆಯಲಾಗಲಿಲ್ಲ. ಉಣ್ಣುವುದನ್ನು ಬಿಟ್ಟು ನಾನೂ ತೊಟ್ಟಿಲ ಕಡೆಗೇ ತಿರುಗಿ, ಗ್ಲಿಸರಿನ್ನಿನಿಂದ ಕೊಲೆಸ್ಟರಾಲ್‌ವರೆಗೆ ಇಡೀ ಪಾಠ ಒಪ್ಪಿಸಿದೆ. ಕೂಸು ಆಕಳಿಸಿತು. ಅತ್ತೆಯವರು ಸೆರಗು ತಲೆಯ ಮೇಲೆ ಎಳೆದುಕೊಂಡು ಪೂರಾ ಕೇಳಿದರು.

"ಅಂದ್ರ ನಾ ತಂದ ತುಪ್ಪದಾಗ ಏನೋ ಕಲಸೇನಿ ಅಂತಾರೇನವಾ ಕೂಸ, ನಿಮ್ಮಪ್ಪಾರು?"

ಆಗಿನ ದಿನಗಳಲ್ಲಿ ತುಪ್ಪಕ್ಕೆ ವನಸ್ಪತಿ ಬೆರೆಸುತ್ತಾರೆಂಬ ಗುಲ್ಲು ಪೇಟೆಯ ತುಂಬ ಇತ್ತು. ಮನೆಯ ಎಮ್ಮೆಯ ಬೆಣ್ಣೆ ತಾನೇ ಕಾಸಿ ತಂದ ಹೆಂಗಸಿನ ಮುಂದೆ ಒಬ್ಬ ರಸಾಯನಶಾಸ್ತ್ರದ ಮಾಸ್ತರ ತುಪ್ಪದ ಕುಲಗೋತ್ರ ಬಿಡಿಸಿದರೆ ಆಕೆ ಮತ್ತೇನು ತಿಳಿಯಬೇಕು? ಅವರು ಕಣ್ಣೊರೆಸಿಕೊಂಡು ಒಳಗೆ ಹೋಗಿ ಸೀರೆ ಮಡಚತೊಡಗಿದರು. ಹಾಸಿಗೆಯ ಮೇಲಿದ್ದ ನನ್ನ ಹೆಂಡತಿ ಗಂಗಾ ನನ್ನನ್ನು ಕರೆದು ತಣ್ಣಗೆ ಕೇಳಿದಳು, "ಅವ್ವ ಸಂಜಿ ಬಸ್ಸಿಗೆ ಹೋಗ್ತಾಳಂತ. ನಾಳಿ ಕೂಸಿಗೆ ನೀರು ನೀವು ಹಾಕ್ತೀರೇನ್ರಿ?"

ಅಂಗೈಯಷ್ಟು ಇದ್ದ ಆ ಕೂಸನ್ನು ಎತ್ತಿಕೊಳ್ಳಲೂ ನಡುಗುವವನು ನಾನು. ಮರಳಿ ತಾಟಿನ ಮುಂದೆ ಕೂತು, ಜನ್ಮದಲ್ಲಿ ಯಾವ ಅಳಿಯನೂ ಆಡದ ಮಾತು ಆಡಿದೆ: "ಇನ್ನಷ್ಟು ತುಪ್ಪ ಹಾಕ್ರಿ." ಅತ್ತೆಯವರು ಬಂದು ಹಾಕಿದರು. ಅನ್ನ ಮುಳುಗಿತು. ಎದೆಯನ್ನು ಎಡಗೈಯಿಂದ ಒತ್ತಿಕೊಂಡು ಪೂರಾ ಉಂಡೆ. ಅವರ ಸೀರೆಗಳು ಮತ್ತೆ ಗಳದ ಮೇಲೇರಿದವು.

ನನ್ನ ಹೆದರಿಕೆ ತುಪ್ಪದ ಬಗ್ಗೆಯಲ್ಲ, ಎದೆಯ ಬಗ್ಗೆ ಎಂದು ಆಮೇಲೆ ಗಂಗಾ ಅವ್ವನಿಗೆ ತಿಳಿಸಿ ಹೇಳಿದಳು. ಅತ್ತೆಯವರು ಕೂಡಲೇ ಒಪ್ಪಿದರು. ಮರುದಿನದಿಂದ ನನಗೆ ಒಣ ರೊಟ್ಟಿ, ಬರೀ ಸಾರು. ಗೆದ್ದೆನೆಂದುಕೊಂಡು ನಿಶ್ಚಿಂತೆಯಿಂದ ಅಧ್ಯಾಯದ ಕೊನೆಯ ಭಾಗಕ್ಕೆ ಬಂದೆ: ಎ, ಡಿ, ಇ, ಕೆ ಜೀವಸತ್ವಗಳು ಜಿಡ್ಡಿನಲ್ಲೇ ಕರಗುವಂಥವು, ಜಿಡ್ಡು ತೀರ ಕಡಿಮೆಯಾದರೆ ಮೈಗೆ ಹತ್ತುವುದಿಲ್ಲ, ಕಣ್ಣು ಮಂಜಾಗುತ್ತದೆ, ಎಲುಬು ಸವೆಯುತ್ತದೆ. ಅಂದು ಸಂಜೆಯೇ ಪತ್ರಿಕೆಯ ಅಕ್ಷರಗಳು ಅಲುಗಾಡಿದವು. ಮೆಟ್ಟಿಲು ಇಳಿಯುವಾಗ ಮೊಣಕಾಲು ಲಟಕ್ಕೆಂದಿತು.

ಊಟಕ್ಕೆ ಕೂತಾಗ ಅತ್ತೆಯವರು ತುಪ್ಪದ ಬಟ್ಟಲು ಹಿಡಿದು ಗಂಗಾಳ ಕಡೆ ಹೊರಟಿದ್ದರು. ಇನ್ನೊಮ್ಮೆ ಬಾಯಿಬಿಟ್ಟು ಕೇಳಲು ಮನಸ್ಸು ಬರಲಿಲ್ಲ. ಸಂಪ್ರದಾಯವನ್ನೇ ನಂಬಿ, ತಾಟಿಗೆ ಕೈ ಅಡ್ಡ ಹಿಡಿದು, ಅವರಿಗೆ ಕೇಳುವಂತೆ "ಸಾಕು, ಸಾಕು" ಎಂದೆ.

ಅತ್ತೆಯವರು ನಿಂತರು. ನನ್ನ ಕೈ ನೋಡಿದರು. ಆಮೇಲೆ ತೊಟ್ಟಿಲ ಕಡೆ ತಿರುಗಿ, "ಹೆದರಬ್ಯಾಡ ಅಂತ ಹೇಳವಾ ನಿಮ್ಮಪ್ಪಾರಿಗೆ. ಇನ್ನ ಎಷ್ಟ ಸಾಕು ಅಂದ್ರೂ ನಾ ಹಾಕಂಗಿಲ್ಲ" ಎಂದರು.