ಅವ್ವನ ಬ್ಯಾಕಪ್ಪು

ಕೊಟ್ಟೂರಿನ ನಮ್ಮ ಮನೆಯಿಂದಲೇ ಕೆಲಸಕ್ಕೆ ಕೂತಾಗಿನಿಂದ ನಾನು ನಗೆಪಾಟಲಾಗದ ವಾರವೇ ಇಲ್ಲ. ವಿಜ್ಞಾನಿಗಳು ಅಣುವಿಗಿಂತ ಸಣ್ಣ ಕಣಗಳನ್ನು ಡಿಕ್ಕಿ ಹೊಡೆಸುತ್ತಾರೆ. ಅದರಿಂದ ಬರುವ ರಾಶಿ ಮಾಹಿತಿಯನ್ನು ತುಂಡು ಮಾಡಿ ಬೇರೆ ಬೇರೆ ದೇಶದ ಕಂಪ್ಯೂಟರುಗಳಿಗೆ ಹಂಚುವ ಸಾಫ್ಟ್‌ವೇರ್ ಒಂದಿದೆ. ಒಂದು ಕಂಪ್ಯೂಟರ್ ಕೈಕೊಟ್ಟರೆ ಅದರ ಪಾಲನ್ನು ಇನ್ನೊಂದಕ್ಕೆ ದಾಟಿಸುತ್ತದೆ. ಅದನ್ನು ಕಾಯುವವನು ನಾನು. ನನ್ನಿಂದ ಕೆಲಸ ನಿಂತರೆ ಊರು ಬಿಟ್ಟು ಆಫೀಸಿಗೆ ಬಂದು ಕೂರಬೇಕು ಎಂದು ನಮ್ಮ ಆಫೀಸಿನ ಮೇಡಂ ಮೊದಲೇ ಹೇಳಿದ್ದರು. ಆ ಹೆದರಿಕೆ ಸದಾ ಇತ್ತು.

ಟಿವಿ

“ಅಷ್ಟು ದೇಶದ ಕಂಪ್ಯೂಟರ್ ನೀ ಹೇಳ್ದಂಗ ಕೇಳ್ತಾವೇನಲೇ?” ಎಂದರು ಪಕ್ಕದ ಮನೆಯ ದೊಡ್ಡವ್ವ.

“ಹೂಂ, ದೊಡ್ಡವ್ವ.”

“ಹಂಗಾರ ಬಾ, ನಮ್ಮ ಟಿವಿ ಯಾರ ಮಾತೂ ಕೇಳವಲ್ದು.”

ಹೋದೆ. ಅದು ನನ್ನ ಮಾತನ್ನೂ ಕೇಳಲಿಲ್ಲ. ಅಂದಿನಿಂದ ನನಗೆ ಸಂಬಳ ಯಾಕೆ ಕೊಡುತ್ತಾರೆ ಎಂದು ಅವರಿಗೆ ಅನುಮಾನ.

ಕೆಂಪು

ಕೈಕೊಟ್ಟ ಕಂಪ್ಯೂಟರಿನ ಹೆಸರು ಪರದೆಯ ಮೇಲೆ ಕೆಂಪಾಗುತ್ತದೆ. ಒಮ್ಮೆ ಅವ್ವನನ್ನು ಕಾವಲಿಗೆ ಕೂರಿಸಿ ಸ್ನಾನಕ್ಕೆ ಹೋಗಿದ್ದೆ. “ಲೇ, ಸಾಲಿಗೆ ಸಾಲೇ ಕೆಂಪಾತು!” ಎಂದು ಕೂಗಿದಳು. ತಲೆತುಂಬ ನೊರೆ ಹೊತ್ತು, ಟವೆಲ್ ಸುತ್ತಿಕೊಂಡು ಓಡಿ ಬಂದರೆ ಎಲ್ಲ ಹಸಿರು.

“ಏನು ಮುಟ್ಟಿದಿ ಅವ್ವ?”

“ಏನೂ ಮುಟ್ಟಿಲ್ಲಪ. ಚಲೋತ್ನಾಗಿ ಬೈದೆ.”

ಬ್ಯಾಟರಿ

ನಾನು ಊರಲ್ಲಿ ಉಳಿಯಬೇಕೋ ಬೇಡವೋ ಎಂದು ಮೇಡಂ ವಿಡಿಯೋದಲ್ಲಿ ತೀರ್ಮಾನಿಸುವ ದಿನವೇ ಕರೆಂಟು ಹೋಯಿತು. ಇನ್ವರ್ಟರ್ ಬ್ಯಾಟರಿ ಬೆಳಿಗ್ಗೆಯೇ ಸತ್ತಿತ್ತು. ಮೊಬೈಲಿನ ಇಂಟರ್ನೆಟ್ಟಿನಲ್ಲಿ ಮಾತು ನಡೆದಿತ್ತು, ಲ್ಯಾಪ್‌ಟಾಪಿನ ಚಾರ್ಜು ಇಳಿಯುತ್ತಿತ್ತು.

“ಒಂದು ಕಡೆಯಿಂದ ಉತ್ತರ ಬರದಿದ್ದರೆ ಏನು ಮಾಡಬೇಕು?” ಎಂದು ಮೇಡಂ ಕೇಳಿದರು.

ಬಾಯಿ ತೆರೆಯುವಷ್ಟರಲ್ಲಿ ಬಸ್‌ಸ್ಟ್ಯಾಂಡಿನ ಮೆಕ್ಯಾನಿಕ್ ಭಾಯಿ ಬ್ಯಾಟರಿ ಹೊತ್ತು ಒಳಗೆ ಬಂದರು. ಹಿಂದೆಯೇ ಹಡಗಲಿಯ ಮಾವ, ಕೈಯಲ್ಲಿ ಬ್ಯಾಟರಿ. ಅವರ ಹಿಂದೆ ಹರಪನಹಳ್ಳಿಯ ಭಾವ, ಅವರದೂ ಬ್ಯಾಟರಿ. ಒಬ್ಬರು ಬಾರದಿದ್ದರೆ ಇನ್ನೊಬ್ಬರಿರಲಿ ಎಂದು ಅವ್ವ ಒಬ್ಬರಿಗೆ ತಿಳಿಯದಂತೆ ಇನ್ನೊಬ್ಬರಿಗೆ, ಹೀಗೆ ಎಲ್ಲರಿಗೂ ಫೋನ್ ಮಾಡಿದ್ದಳು. ಭಾಯಿ ತಮ್ಮದನ್ನು ಜೋಡಿಸಿದರು, ಫ್ಯಾನ್ ತಿರುಗಿತು. ಮಾವ, ಭಾವ ಮುಖ ಗಂಟಿಕ್ಕಿ ನಿಂತರು.

ಮೇಡಂ ಎಲ್ಲವನ್ನೂ ನೋಡುತ್ತಿದ್ದರು. “ಒಬ್ಬರು ಬಂದ ಕೂಡಲೇ ಉಳಿದವರಿಗೆ ಬೇಡ ಅಂತ ಹೇಳಬೇಕಲ್ಲ? ನಮ್ಮ ಸಾಫ್ಟ್‌ವೇರ್ ಹೇಳುತ್ತೆ.”

ಅವ್ವ ಪರದೆಗೆ ಮುಖ ತೂರಿಸಿದಳು. “ಬ್ಯಾಡ ಅಂದ್ರ ಮುಂದಿನ ಸಲ ಬರ್ತಾರೇನ್ರಿ ಮೇಡಂ? ಎಲ್ಲಾರಿಗೂ ಮಿರ್ಚಿ ಮಂಡಕ್ಕಿ ಮಾಡೀನಿ.”

ಮೇಡಂ ನಕ್ಕು ನಕ್ಕು ಕಣ್ಣೊರೆಸಿಕೊಂಡರು. “ನೀವು ಊರಲ್ಲೇ ಇರಿ. ಇಷ್ಟು ಬ್ಯಾಕಪ್ಪು ನಮ್ಮ ಆಫೀಸಿನಲ್ಲೂ ಇಲ್ಲ.”

ಬದುಕಿದೆ ಎಂದು ಕುರ್ಚಿಗೆ ಒರಗಿದೆ. ಅವ್ವ ಕಿವಿಯಲ್ಲಿ ಹೇಳಿದಳು: “ಗುಡೇಕೋಟಿ ಕಾಕಾಗ ಬ್ಯಾಟರಿ ಸಿಕ್ತು ಅಂತ ಹೇಳಬ್ಯಾಡ. ಅವನೂ ಬ್ಯಾಟರಿ ತಗಂಡು ದಾರ್‍ಯಾಗ ಅದಾನ.”